ಕೊಡ ಎತ್ತಬಹುದಾ ಮೇಡಂ?

"ಮೇಡಂ, ನನಗೆ 44 ವರ್ಷ. ತಿಪಟೂರು ಕಡೆಯ ಹಳ್ಳಿ. ಹೋದ ವರ್ಷ ಎಡಗಡೆ ಎದೆ ತೆಗೆದರು. ಕಂಕುಳಿನ 14 ಗಂಟು ತೆಗೆದಿದ್ದೇವೆ ಅಂತ ಕಾಗದದಲ್ಲಿದೆ. 8 ಕೀಮೋ, 15 ದಿನ ಕರೆಂಟು (ರೇಡಿಯೇಷನ್) ಆಯಿತು. ಎಲ್ಲ ಮುಗಿದು 5 ತಿಂಗಳು. ಈಗ ದಿನಕ್ಕೊಂದು ಟ್ಯಾಮೋಕ್ಸಿಫೆನ್ ಮಾತ್ರೆ. ಒಂದು ತಿಂಗಳಿಂದ ಎಡಗೈ ಭಾರ ಅನಿಸುತ್ತಿದೆ, ಸಂಜೆ ಹೊತ್ತಿಗೆ ಬಳೆ ಬಿಗಿಯಾಗುತ್ತದೆ. ಅತ್ತೆ ಆ ಕೈಯಲ್ಲಿ ಚೊಂಬು ನೀರೂ ಎತ್ತಲು ಬಿಡುವುದಿಲ್ಲ. ಹಸುವಿನ ಹತ್ತಿರವೂ ಬಿಡುವುದಿಲ್ಲ. ಕೂತು ಕೂತೇ ಸುಸ್ತು. ರಾತ್ರಿ ಮೈಯೆಲ್ಲ ಬೆಂಕಿ ಹತ್ತಿದ ಹಾಗಾಗಿ ಎಚ್ಚರವಾಗುತ್ತದೆ. ಈ ಮಾತ್ರೆಯಿಂದ ಗರ್ಭಕೋಶಕ್ಕೆ ಕ್ಯಾನ್ಸರ್ ಬರುತ್ತದೆ ಅಂತ ನಾದಿನಿ ಹೇಳಿದ್ದಕ್ಕೆ ಮೂರು ವಾರದಿಂದ ನುಂಗಿಲ್ಲ, ಯಾರಿಗೂ ಹೇಳಿಲ್ಲ. ಯಜಮಾನರು ಹಜಾರದಲ್ಲಿ ಮಲಗುತ್ತಾರೆ. 'ಗುಣವಾಯ್ತಲ್ಲ, ಇನ್ಯಾಕೆ ಮುಖ ಸಪ್ಪೆ' ಅಂತ ಎಲ್ಲರೂ ಕೇಳುತ್ತಾರೆ. ಚೆಕಪ್ ಹತ್ತಿರ ಬಂದರೆ ಊಟ ಸೇರುವುದಿಲ್ಲ. ಒಂದು ಸಲ ಪೂರ್ತಿ ಮೈ ಸ್ಕ್ಯಾನ್ ಮಾಡಿಸಿದರೆ ನೆಮ್ಮದಿ ಆಗುತ್ತದಾ? ನಾನು ಮೊದಲಿನ ಹಾಗೆ ಕೊಡ ಎತ್ತಬಹುದಾ? ಮುಂದಿನ ತಿಂಗಳು ತಂಗಿ ಮಗಳ ಮದುವೆ. ಬ್ಲೌಸ್ ಹೊಲಿಸಬೇಕು, ಅದಕ್ಕೂ ಏನು ಮಾಡಲಿ ಗೊತ್ತಾಗುತ್ತಿಲ್ಲ."

ಊರಿನ ಹೆಸರು, ತಮ್ಮ ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಹಾಕಿಲ್ಲ.

ನೋಡಿ, ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ನೀವು ಮೊದಲು ಕೇಳಿದ್ದು ಕೈ ಬಗ್ಗೆ. ಆದರೆ ನಾನು ಮೊದಲು ಮಾತ್ರೆಯ ವಿಷಯ ಹೇಳುತ್ತೇನೆ, ಅದಕ್ಕೆ ಕಾಯುವ ಹಾಗಿಲ್ಲ.

ಮಾತ್ರೆ ಇವತ್ತು ರಾತ್ರಿಯಿಂದಲೇ ಮತ್ತೆ ಶುರು ಮಾಡಿ. ಬಿಟ್ಟಿದ್ದನ್ನು ತುಂಬಿಸಲು ಎರಡೆರಡು ನುಂಗಬೇಡಿ. ದಿನಕ್ಕೆ ಒಂದೇ. ನಿಮಗೆ ಟ್ಯಾಮೋಕ್ಸಿಫೆನ್ ಬರೆದಿದ್ದಾರೆ ಎಂದರೆ ನಿಮ್ಮ ಸ್ತನ ಕ್ಯಾನ್ಸರ್ ಗಡ್ಡೆ ಈಸ್ಟ್ರೋಜೆನ್ ಹಾರ್ಮೋನನ್ನು ತಿಂದು ಬೆಳೆಯುವ ಜಾತಿಯದು. ಮೈಯಲ್ಲಿ ಕಣ್ಣಿಗೆ ಕಾಣದ ಕಣಗಳು ಎಲ್ಲಾದರೂ ಉಳಿದಿದ್ದರೆ, ಅವುಗಳಿಗೆ ಆ ಆಹಾರ ಸಿಗದ ಹಾಗೆ ಈ ಮಾತ್ರೆ ತಡೆಯುತ್ತದೆ. ಈ ಜಾತಿಯ ಕಾಯಿಲೆಯಲ್ಲಿ 5 ವರ್ಷ ಮಾತ್ರೆ ತೆಗೆದುಕೊಂಡವರು ಇದೇ ಕಾಯಿಲೆಯಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಕೂದಲು ಉದುರಿಸುವ ಕೀಮೋವನ್ನು ಎಲ್ಲರೂ ದೊಡ್ಡ ಚಿಕಿತ್ಸೆ ಎನ್ನುತ್ತಾರೆ. ಈ ಪುಟ್ಟ ಮಾತ್ರೆಯನ್ನು ಟಾನಿಕ್ಕಿನ ಹಾಗೆ ನೋಡುತ್ತಾರೆ. ಎಷ್ಟೋ ಜನರಿಗೆ ಇದೇ ದೊಡ್ಡ ಚಿಕಿತ್ಸೆ.

ನಿಮ್ಮ ನಾದಿನಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಈ ಮಾತ್ರೆಯಿಂದ ಸ್ವಲ್ಪ ಜಾಸ್ತಿಯಾಗುತ್ತದೆ. ಆದರೆ ಅದು ಕಾಣುವುದು ಹೆಚ್ಚಾಗಿ 50 ದಾಟಿ ಮುಟ್ಟು ನಿಂತವರಲ್ಲಿ. ಅವರಲ್ಲೂ ವರ್ಷಕ್ಕೆ ಸಾವಿರದಲ್ಲಿ ಒಬ್ಬರೋ ಇಬ್ಬರೋ ಜಾಸ್ತಿ, ಅಷ್ಟೆ. ನಿಮ್ಮ ವಯಸ್ಸಿನಲ್ಲಿ ಇನ್ನೂ ಕಡಿಮೆ. ಅದೂ ಸದ್ದಿಲ್ಲದೆ ಬರುವುದು ಅಪರೂಪ, ಸಾಮಾನ್ಯವಾಗಿ ರಕ್ತಸ್ರಾವದಿಂದ ಮುಂಚೆಯೇ ತಿಳಿಸುತ್ತದೆ. ಹಾಗಾಗಿ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಿ. ಇನ್ನೊಂದು ಅಪಾಯ ರಕ್ತ ಹೆಪ್ಪುಗಟ್ಟುವುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಇವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ರಾತ್ರಿ ಮೈಗೆ ಬೆಂಕಿ ಹತ್ತುವುದನ್ನು ಊರಲ್ಲಿ "ಉಷ್ಣ" ಎನ್ನುತ್ತಾರೆ. ಎಳನೀರು ಕುಡಿದರೆ ಹೋಗುವ ಉಷ್ಣ ಅಲ್ಲ ಇದು. ಕೀಮೋ ನಿಮ್ಮ ಅಂಡಾಶಯವನ್ನು ಮಲಗಿಸಿರಬಹುದು, ಮಾತ್ರೆ ಉಳಿದ ಹಾರ್ಮೋನನ್ನು ತಡೆಯುತ್ತದೆ. ಮೆದುಳಿನಲ್ಲಿ ಮೈಶಾಖ ನೋಡಿಕೊಳ್ಳುವ ಜಾಗಕ್ಕೆ ಗಲಿಬಿಲಿ ಆಗುತ್ತದೆ. ತೆಳು ಹತ್ತಿ ಬಟ್ಟೆ ಹಾಕಿ. ರಾತ್ರಿ ಊಟಕ್ಕೆ ಖಾರ ಕಡಿಮೆ ಮಾಡಿ. ಸಂಜೆ ಮೇಲೆ ಕಾಫಿ ಬಿಟ್ಟು ನೋಡಿ. ಇಷ್ಟಕ್ಕೇ ಅರ್ಧ ಜನರಿಗೆ ತಡೆದುಕೊಳ್ಳುವ ಮಟ್ಟಕ್ಕೆ ಬರುವುದನ್ನು ನೋಡಿದ್ದೇನೆ. ಬರದಿದ್ದರೆ ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್ ಎಂಬ ಔಷಧಿಗಳಿವೆ, ನಿಮ್ಮ ಡಾಕ್ಟರು ಬರೆದುಕೊಡಬಹುದು. ಹಾರ್ಮೋನ್ ಇರುವ ಮಾತ್ರೆ ಮಾತ್ರ ಯಾರು ಕೊಟ್ಟರೂ ಬೇಡ. ಮುಂದೆ ಯಾವತ್ತಾದರೂ ಯಾರಾದರೂ ಮನಸ್ಸಿನ ಬೇಸರಕ್ಕೆ ಮಾತ್ರೆ ಬರೆದರೆ "ನಾನು ಟ್ಯಾಮೋಕ್ಸಿಫೆನ್ ತಗೊಳ್ತಿದೀನಿ" ಎಂದು ಮೊದಲೇ ಹೇಳಿ. ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಎಂಬ ಎರಡು ಔಷಧಿಗಳು ಇದರ ಕೆಲಸಕ್ಕೆ ಅಡ್ಡ ಬರುತ್ತವೆ. ಅಡ್ಡ ಬರದ ಬೇರೆಯವು ಬೇಕಾದಷ್ಟಿವೆ.

ಈಗ ಕೈ.

ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ನಿಮ್ಮ ಅತ್ತೆಯವರ ಮಾತು ಹೊರಟಿದ್ದು ನಮ್ಮ ಬಾಯಿಂದಲೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಪರೇಷನ್ ಆದ ಪ್ರತಿಯೊಬ್ಬರಿಗೂ "ಆ ಕೈಯಲ್ಲಿ ಎರಡು ಕೆಜಿ ಮೇಲೆ ಎತ್ತಬೇಡಿ" ಎಂದು ಬರೆದುಕೊಟ್ಟೇ ಕಳಿಸುತ್ತಿದ್ದೆವು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾವೂ ಕೇಳಿಕೊಂಡಿರಲಿಲ್ಲ. ಆ ಚೀಟಿ ಹರಿದುಹೋಯಿತು, ಮಾತು ಮಾತ್ರ ಮನೆಮನೆಯಲ್ಲಿ ಉಳಿಯಿತು.

ಕಂಕುಳಿನ ಗಂಟುಗಳು ಕೆರೆಯ ತೂಬಿನ ಹಾಗೆ. ಕೈಯ ಮಾಂಸದ ನಡುವೆ ಸೇರುವ ನೀರು ಸಣ್ಣ ಸಣ್ಣ ನಾಳಗಳಲ್ಲಿ ಹರಿದು, ಈ ಗಂಟುಗಳನ್ನು ದಾಟಿ, ಮತ್ತೆ ರಕ್ತಕ್ಕೆ ಸೇರಬೇಕು. ನಿಮಗೆ 14 ತೂಬು ತೆಗೆದಿದ್ದಾರೆ, ಉಳಿದ ಜಾಗಕ್ಕೆ ಕರೆಂಟು ಬಿದ್ದಿದ್ದರೆ ಅದೂ ಗಟ್ಟಿಯಾಗಿರುತ್ತದೆ. ನೀರು ಬೇರೆ ಕಾಲುವೆ ಹುಡುಕಿಕೊಳ್ಳಬೇಕು. ರಕ್ತಕ್ಕೆ ಹೃದಯ ಎಂಬ ಪಂಪ್ ಇದೆ, ಈ ನೀರಿಗೆ ಅಂಥದ್ದಿಲ್ಲ. ನಾಳಗಳು ತಾವೇ ಸ್ವಲ್ಪ ಹಿಂಡಿಕೊಳ್ಳುತ್ತವೆ. ಉಳಿದ ಕೆಲಸ ಸ್ನಾಯುವಿನದು. ಕೈ ಆಡಿದರೆ ನೀರು ಹರಿಯುತ್ತದೆ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ನಿಲ್ಲುತ್ತದೆ. ಪ್ರೀತಿಯಿಂದ ಕೊಟ್ಟ ವಿಶ್ರಾಂತಿಯೇ ನಿಮ್ಮ ಕೈಗೆ ಈಗ ತೊಂದರೆ ಕೊಡುತ್ತಿರಬಹುದು.

ಕಂಕುಳಿನ ಗಂಟುಗಳನ್ನು ಪೂರ್ತಿ ತೆಗೆದ ಐವರಲ್ಲಿ ಒಬ್ಬರಿಗೆ ಹೀಗೆ ನೀರು ನಿಂತು ಕೈ ಊದುವ ಬಾವು ಬರುತ್ತದೆ. ಒಂದೆರಡು ಗಂಟು ಮಾತ್ರ ಪರೀಕ್ಷೆಗೆ ತೆಗೆದವರಲ್ಲಿ ತುಂಬ ಕಡಿಮೆ, ನೂರಕ್ಕೆ ಐದಾರು ಜನ. ತೂಕ ಎತ್ತುವ ಬಗ್ಗೆ ನಮ್ಮ ಬಾಯಿ ಮುಚ್ಚಿಸಿದ್ದು 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ. ಆಗಲೇ ಕೈ ಬಾತಿದ್ದ 141 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆರಡು ಸಲ ತೂಕ ಎತ್ತಿಸಿದರು. ತೀರಾ ಸಣ್ಣ ತೂಕದಿಂದ ಶುರು, ಕೈಗೆ ಬಿಗಿ ತೋಳುಚೀಲ (ಬಾವು ಏರದಂತೆ ಕೈಯನ್ನು ಒತ್ತಿ ಹಿಡಿಯುವ, ಹಿಗ್ಗುವ ಬಟ್ಟೆಯ ತೋಳು), ಹೇಳಿಕೊಡುವವರು ಜೊತೆಗೆ. ಒಂದು ವರ್ಷದ ನಂತರ ನೋಡಿದರೆ, ಬಾವು ಕೆರಳಿದ್ದು ತೂಕ ಎತ್ತದವರಲ್ಲಿ 29%, ಎತ್ತಿದವರಲ್ಲಿ 14%. ಅಂದರೆ ಅರ್ಧ.

ಆದರೆ ಇದನ್ನು ಓದಿ ನಾಳೆಯೇ ಬಾವಿಕಟ್ಟೆಗೆ ಹೋಗಬೇಡಿ. ನಿಮ್ಮ ಕೈ ವರ್ಷದಿಂದ ಕೂತಿದೆ. ತುಂಬಿದ ಕೊಡ ಎಂದರೆ ಹತ್ತು ಹನ್ನೆರಡು ಕೆಜಿ.

ಮೊದಲ ಕೆಲಸ ಅಳತೆ. ಟೈಲರ್ ಟೇಪ್ ಒಂದಿದ್ದರೆ ಸಾಕು. ಎರಡೂ ಕೈಗಳ ಮಣಿಕಟ್ಟು, ಮೊಣಕೈ ಗೆರೆಯಿಂದ 10 ಸೆಂಟಿಮೀಟರ್ ಕೆಳಗೆ, 10 ಸೆಂಟಿಮೀಟರ್ ಮೇಲೆ ಸುತ್ತಳತೆ ತೆಗೆದು ಕ್ಯಾಲೆಂಡರಿನ ಮೇಲೆ ಬರೆಯಿರಿ. ಎರಡು ಕೈಗಳಿಗೆ 2 ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದು ಬಾವು. ಅಷ್ಟಿಲ್ಲದಿದ್ದರೂ ಸಂಜೆ ಬಳೆ ಬಿಗಿಯಾಗುತ್ತಿದೆ ಎಂದರೆ ಶುರುವಿನ ಹಂತ ಇರಬಹುದು. ಈ ಹಂತದಲ್ಲಿ ಹಿಡಿದರೆ ಇಳಿಸುವುದು ಸುಲಭ. ವರ್ಷಗಟ್ಟಲೆ ಬಿಟ್ಟರೆ ಒಳಗೆ ಕೊಬ್ಬು, ನಾರು ತುಂಬಿ ಗಟ್ಟಿಯಾಗುತ್ತದೆ, ಆಮೇಲೆ ಪೂರ್ತಿ ಇಳಿಯುವುದಿಲ್ಲ. ಈ ವಾರವೇ ಆಪರೇಷನ್ ಮಾಡಿದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ತೋರಿಸಿ. ಅಲ್ಲಿಲ್ಲದಿದ್ದರೆ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಗೆ ಹೋಗಿ. ಊತ ಇದ್ದಕ್ಕಿದ್ದಂತೆ ಬಂದಿದ್ದರೆ ಬೇರೆ ಕಾರಣವಿಲ್ಲ ಎಂದು ಡಾಕ್ಟರು ಖಚಿತ ಮಾಡಿಕೊಳ್ಳುವುದೂ ಮುಖ್ಯ. ಪತ್ರ ಓದಿ ಅದನ್ನು ನಾನು ಹೇಳಲಾರೆ.

ಬಿಗಿ ತೋಳುಚೀಲವನ್ನು ಅಳತೆ ಕೊಟ್ಟೇ ತೆಗೆದುಕೊಳ್ಳಬೇಕು. ಮೆಡಿಕಲ್ ಶಾಪಿನಲ್ಲಿ "ಎಲ್ ಸೈಜ್ ಕೊಡಿ" ಎಂದು ತಂದರೆ ಮಣಿಕಟ್ಟಿನಲ್ಲಿ ಸಡಿಲ, ತೋಳಿನಲ್ಲಿ ಬಿಗಿ ಆಗಿ ಅಂಗೈ ಇನ್ನೂ ಊದುತ್ತದೆ. ಇದು ನಾನು ವಾರಕ್ಕೊಮ್ಮೆಯಾದರೂ ನೋಡುವ ತಪ್ಪು.

ಫಿಸಿಯೋದವರು ಸರಿ ಎಂದ ಮೇಲೆ ಅರ್ಧ ಕೆಜಿ ಸಕ್ಕರೆ ಪೊಟ್ಟಣದಿಂದ ಶುರು ಮಾಡಿ. ದಿನ ಬಿಟ್ಟು ದಿನ, ಹತ್ತು ಸಲ. ಜೊತೆಗೆ ಭುಜಕ್ಕೆ ಗೋಡೆ ವ್ಯಾಯಾಮ: ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಗೋಡೆಯ ಮೇಲೆ ಏರಿಸಿ, ಎಲ್ಲಿಗೆ ಮುಟ್ಟಿತೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ವಾರಕ್ಕೊಂದು ಗೆರೆ ಮೇಲೆ ಹೋಗಬೇಕು. ಎರಡು ವಾರ ಕೈ ಭಾರ ಜಾಸ್ತಿಯಾಗದಿದ್ದರೆ ಒಂದು ಕೆಜಿ. ಹೀಗೇ ಚೊಂಬು, ಆಮೇಲೆ ಸಣ್ಣ ಬಿಂದಿಗೆ, ಆಮೇಲೆ ಅರ್ಧ ಕೊಡ. ನಾಲ್ಕೈದು ತಿಂಗಳು ಹಿಡಿಯಬಹುದು. ಮಾರನೇ ದಿನ ಕೈ ಬಿಗಿದರೆ, ನೋವು ಜಾಸ್ತಿಯಾದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ನಿಲ್ಲಿಸಬೇಡಿ. ನನ್ನ ಹತ್ತಿರ ಬರುವ ಒಬ್ಬರು ಎರಡು ವರ್ಷದ ನಂತರ ಪೂರ್ತಿ ಕೊಡ ಸೊಂಟಕ್ಕೇರಿಸಿ ಮೊಬೈಲಿನಲ್ಲಿ ಫೋಟೋ ಕಳಿಸಿದ್ದರು. ಹಿಂದೆ ನಿಂತ ಅವರ ಅತ್ತೆಯ ಮುಖ ನೋಡಬೇಕಿತ್ತು!

ಹಾಲು ಕರೆಯಬಹುದು. ಹತ್ತು ನಿಮಿಷದಿಂದ ಶುರು ಮಾಡಿ, ಕೈ ಬದಲಿಸಿ ಬದಲಿಸಿ ಕರೆಯಿರಿ. ನಿಜವಾಗಿ ಹೆದರಬೇಕಾದ್ದು ಗಾಯಕ್ಕೆ. ತೂಬಿಲ್ಲದ ಕೈಯಲ್ಲಿ ಸೋಂಕು ಬೇಗ ಹರಡುತ್ತದೆ. ಕಳೆ ಕೀಳುವಾಗ, ತೆಂಗಿನಕಾಯಿ ಸುಲಿಯುವಾಗ, ಬಿಸಿ ಪಾತ್ರೆ ಇಳಿಸುವಾಗ ಕೈಗವಸು ಅಥವಾ ದಪ್ಪ ಬಟ್ಟೆ ಇರಲಿ. ಸಣ್ಣ ಗೀರು ಬಿದ್ದರೂ ಸೋಪು ನೀರಿನಲ್ಲಿ ತೊಳೆದು ಮುಲಾಮು ಹಚ್ಚಿ. ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅವತ್ತೇ ಆಂಟಿಬಯೋಟಿಕ್ ಶುರುವಾಗಬೇಕು. ಇದರಲ್ಲಿ ನಾಳೆ ನಾಡಿದ್ದು ಎನ್ನುವ ಹಾಗಿಲ್ಲ.

ಇನ್ನು ಎಡಗೈಗೆ ಬಿಪಿ ನೋಡಬಾರದು, ಸೂಜಿ ಚುಚ್ಚಬಾರದು ಎಂಬ ಮಾತು. 2016ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ರಕ್ತ ತೆಗೆಯುವುದಕ್ಕೂ, ಬಿಪಿ ನೋಡುವುದಕ್ಕೂ, ವಿಮಾನ ಹತ್ತುವುದಕ್ಕೂ ಕೈ ಊದುವುದಕ್ಕೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡಿದ್ದು ಸೋಂಕಿಗೆ ಮತ್ತು ಮೈತೂಕಕ್ಕೆ. ಬಲಗೈ ಇರುವಾಗ ಅದನ್ನೇ ಕೊಡಿ, ಸರಿ. ತುರ್ತಿನಲ್ಲಿ ಯಾರಾದರೂ ಎಡಗೈಗೆ ಚುಚ್ಚಿದರೆ ಅದಕ್ಕಾಗಿ ಒಂದು ವಾರ ನಿದ್ದೆಗೆಡಬೇಡಿ. ತೋಳಿನ ಒಳಬದಿ ಜೋಮು ಹಿಡಿದ ಹಾಗಿದ್ದರೆ ಅದು ಆಪರೇಷನ್ನಿನಲ್ಲಿ ಸಣ್ಣ ನರಕ್ಕೆ ಪೆಟ್ಟು ಬಿದ್ದದ್ದು, ತುಂಬ ಜನರಿಗೆ ಇರುತ್ತದೆ, ಅಪಾಯವಿಲ್ಲ.

ಸುಸ್ತಿನ ವಿಷಯಕ್ಕೆ ಬರೋಣ. ಇದು ಗೇಯ್ದು ಬಂದ ದಣಿವಲ್ಲ, ಮಲಗಿದರೆ ಹೋಗುವುದಿಲ್ಲ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ನೋಡಿಸಿ. ಇವುಗಳಲ್ಲಿ ಏನಾದರೂ ಇದ್ದರೆ ಸರಿಪಡಿಸುವುದು ಸುಲಭ. ಎಲ್ಲ ಸರಿಯಿದ್ದೂ ಸುಸ್ತಿದ್ದರೆ ಮದ್ದು ಒಂದೇ, ನಡಿಗೆ. ಕೇಳಿದರೆ ಕೋಪ ಬರುತ್ತದೆ, ಗೊತ್ತು. ಏಳಲಾಗದವಳಿಗೆ ನಡೆ ಎನ್ನುತ್ತಾರಲ್ಲ ಎಂದು. ಆದರೆ ಬಾಟಲಿ ಟಾನಿಕ್ಕಿಗಿಂತ ಇದಕ್ಕೇ ಗಟ್ಟಿ ಪುರಾವೆ ಇರುವುದು. ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ, ಮೂರು ತಿಂಗಳು. ಸುಸ್ತು, ಆತಂಕ ಎರಡೂ ಇಳಿಯುತ್ತವೆ. ಮೊದಲ ವಾರ ಐದು ನಿಮಿಷ, ತೋಟದ ಬದುವಿನವರೆಗೆ ಹೋಗಿ ಬನ್ನಿ, ಸಾಕು. ಯೋಗ ಇಷ್ಟವಿದ್ದರೆ ಅದೂ ಒಳ್ಳೆಯದು. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಮೇಲೆ ಬೆಂಗಳೂರಿನ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರೇ ಅಧ್ಯಯನ ಮಾಡಿ ಆತಂಕ ಇಳಿಯುವುದನ್ನು ತೋರಿಸಿದ್ದಾರೆ. ಶೀರ್ಷಾಸನದ ಸಾಹಸ ಬೇಡ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಇರುತ್ತಾರೆ. ಹಾಲು, ಬೆಲ್ಲ, ಸೋಯಾ ಯಾವುದೂ ನಿಷಿದ್ಧವಲ್ಲ. ತೂಕ ಏರದಿರಲಿ, ಬೇಳೆಕಾಳು, ಸೊಪ್ಪು, ಮೊಟ್ಟೆ ತಪ್ಪದಿರಲಿ. ತೊಗಟೆ ಕಷಾಯ, ಎಲೆ ರಸ ಏನೇ ಕುಡಿಯುತ್ತಿದ್ದರೂ ಡಾಕ್ಟರಿಗೆ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಟ್ಟರೆ, ನಾಳೆ ಲಿವರ್ ಪರೀಕ್ಷೆ ಏರುಪೇರಾದಾಗ ಯಾವುದನ್ನು ನಿಲ್ಲಿಸಬೇಕೆಂದು ನಮಗೆ ತಿಳಿಯುವುದಿಲ್ಲ.

ಯಜಮಾನರ ವಿಷಯ. ಅವರು ಯಾಕೆ ಹಜಾರದಲ್ಲಿ ಮಲಗುತ್ತಾರೆ ಎಂದು ನೀವು ಕೇಳಿದ್ದೀರಾ? ನಾನು ಎಷ್ಟೋ ಗಂಡಸರನ್ನು ಪಕ್ಕದ ಕೋಣೆಗೆ ಕರೆದು ಕೇಳಿದ್ದೇನೆ. ಬೇಡವಾಗಿ ದೂರ ಹೋದವರು ಇದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ಜನ ಹೇಳುವುದು "ಅವಳಿಗೆ ನೋವಾಗುತ್ತೇನೋ ಅಂತ ಭಯ ಮೇಡಂ." ಹೆಂಡತಿ ಆ ಕಡೆ ನನ್ನನ್ನು ಕಂಡರೆ ಅಸಹ್ಯ ಎಂದುಕೊಂಡಿರುತ್ತಾಳೆ, ಗಂಡ ಈ ಕಡೆ ಮುಟ್ಟಿದರೆ ತಪ್ಪು ಎಂದುಕೊಂಡಿರುತ್ತಾನೆ. ಇಬ್ಬರೂ ಕೇಳುವುದಿಲ್ಲ. ಇದು ಅಂಟುವ ಕಾಯಿಲೆಯಲ್ಲ, ಕೂಡುವುದರಿಂದ ಮತ್ತೆ ಬರುವುದೂ ಇಲ್ಲ. ಮುಂದಿನ ಚೆಕಪ್ಪಿಗೆ ಅವರನ್ನೂ ಒಳಗೆ ಕರೆದುಕೊಂಡು ಹೋಗಿ, ಈ ಮಾತು ಡಾಕ್ಟರ ಬಾಯಿಂದಲೇ ಬರಲಿ. ಒಣಗಿ ನೋವಾಗುವುದಿದ್ದರೆ ಅದಕ್ಕೆ ಹಾರ್ಮೋನ್ ಇಲ್ಲದ ಜೆಲ್ ಸಿಗುತ್ತದೆ. ನಿಮ್ಮೂರಿನ ಕೊಬ್ಬರಿ ಎಣ್ಣೆಯೂ ಆಗುತ್ತದೆ, ಕಾಂಡೋಮ್ ಬಳಸುವವರಿಗೆ ಮಾತ್ರ ಎಣ್ಣೆ ಬೇಡ, ಹರಿಯುತ್ತದೆ. ಮುಟ್ಟು ನಿಂತಿದ್ದರೂ ನಿಶ್ಚಿಂತೆ ಆಗಬೇಡಿ. 44ಕ್ಕೆ ಮತ್ತೆ ಶುರುವಾಗಬಹುದು, ಈ ಮಾತ್ರೆಯ ಜೊತೆ ಗರ್ಭ ನಿಲ್ಲಬಾರದು. ಮಕ್ಕಳಾಗದ ಆಪರೇಷನ್ ಆಗಿದ್ದರೆ ಈ ಚಿಂತೆ ಇಲ್ಲ. ಆಗಿಲ್ಲದಿದ್ದರೆ ಕಾಂಡೋಮ್ ಅಥವಾ ಕಾಪರ್-ಟಿ. ನುಂಗುವ ಗರ್ಭನಿರೋಧಕ ಗುಳಿಗೆ ಬೇಡ.

"ಗುಣವಾಯ್ತಲ್ಲ, ಇನ್ಯಾಕೆ ಮುಖ ಸಪ್ಪೆ" ಎನ್ನುವವರಿಗೆ ಉತ್ತರ ಕೊಡುವ ಸಾಲ ನಿಮ್ಮ ಮೇಲಿಲ್ಲ. ಕೀಮೋ ನಡೆಯುವಾಗ ಮುಂದಿನ ತಾರೀಕು, ಮುಂದಿನ ರಕ್ತಪರೀಕ್ಷೆ, ಬಸ್ಸು, ದುಡ್ಡು, ಇಷ್ಟರಲ್ಲೇ ದಿನ ಹೋಗುತ್ತದೆ. ಅಳಲು ಪುರುಸೊತ್ತು ಇರುವುದಿಲ್ಲ. ಎಲ್ಲ ಮುಗಿದ ಮೇಲೆ, ಸುತ್ತಲಿನವರು ತಮ್ಮ ಕೆಲಸಕ್ಕೆ ಹೊರಟ ಮೇಲೆ, ಆಗ ಬರುತ್ತದೆ ಅದು. ನನ್ನ ಅನುಭವದಲ್ಲಿ ಆಸ್ಪತ್ರೆಯಲ್ಲಿ ಗಟ್ಟಿಯಾಗಿದ್ದವರೇ ಮನೆಗೆ ಹೋದ ಆರನೇ ತಿಂಗಳಲ್ಲಿ ಕುಸಿಯುವುದು ಜಾಸ್ತಿ.

ಚೆಕಪ್ ಮುಂಚಿನ ಭಯ ಹತ್ತು ವರ್ಷವಾದವರಿಗೂ ಇರುತ್ತದೆ. ವರದಿ ಬಂದ ಮೇಲೆ ಇಳಿದರೆ ಅದು ಸಹಜ. ಆದರೆ ಎರಡು ವಾರದ ಮೇಲೂ ದಿನವಿಡೀ ಬೇಸರ, ಯಾವುದರಲ್ಲೂ ಮನಸ್ಸಿಲ್ಲ, ನಾನಿದ್ದೇನು ಪ್ರಯೋಜನ ಎಂಬ ಯೋಚನೆ ಇದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೂ ಚಿಕಿತ್ಸೆ ಇದೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಅಷ್ಟು ದೂರ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೆಸರು ಹೇಳಲೇಬೇಕು ಅಂತೇನಿಲ್ಲ. ಸಾಯುವ ಯೋಚನೆ ಬಂದರೆ ಅವತ್ತೇ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಪೂರ್ತಿ ಮೈ ಸ್ಕ್ಯಾನ್ ಮಾಡಿಸಿದರೆ ನೆಮ್ಮದಿಯೇ? ಒಂದು ತಿಂಗಳ ಮಟ್ಟಿಗೆ ಸಿಗಬಹುದು. 1994ರಲ್ಲಿ ಇಟಲಿಯಲ್ಲಿ ಇದನ್ನೇ ಪರೀಕ್ಷಿಸಿದರು. ತೊಂದರೆ ಏನೂ ಇಲ್ಲದವರಿಗೆ ಪದೇ ಪದೇ ಎಕ್ಸ್‌ರೇ, ಮೂಳೆ ಸ್ಕ್ಯಾನ್ ಮಾಡಿಸಿದ್ದರಿಂದ ಬದುಕುವ ಕಾಲವೇನೂ ಜಾಸ್ತಿ ಆಗಲಿಲ್ಲ. ಪೂರ್ತಿ ಮೈ ನೋಡುವ ಈಗಿನ ಪೆಟ್ ಸ್ಕ್ಯಾನನ್ನೂ ಲಕ್ಷಣ ಇಲ್ಲದೆ ಮಾಡಿಸಿ ಎಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ಅಲ್ಲೊಂದು ಚುಕ್ಕೆ, ಇಲ್ಲೊಂದು ನೆರಳು ಕಂಡು, ಅದಕ್ಕೊಂದು ಸೂಜಿ ಪರೀಕ್ಷೆ, ಕೊನೆಗೆ ಹಳೇ ಟಿಬಿ ಕಲೆ ಎಂದು ತಿಳಿಯುವ ಹೊತ್ತಿಗೆ ಎರಡು ತಿಂಗಳ ನಿದ್ದೆ ಹೋಗಿರುತ್ತದೆ. ನಿಮಗೆ ಬೇಕಾದ್ದು ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರ ಕೈಯಿಂದ ತಪಾಸಣೆ, ವರ್ಷಕ್ಕೊಮ್ಮೆ ಬಲ ಎದೆಯ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ). ನಡುವೆ ಹೊಸ ಗಂಟು, ಹೋಗದ ಬೆನ್ನುನೋವು, ಕಡಿಮೆಯಾಗದ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು, ಹೊಸದಾಗಿ ತಲೆನೋವು ಬಂದು ಎರಡು ವಾರವಾದರೂ ನಿಲ್ಲದಿದ್ದರೆ ತಾರೀಕಿಗೆ ಕಾಯದೆ ಹೋಗಿ. ಆಗ ಸ್ಕ್ಯಾನ್ ಬೇಕು, ಆಗ ಅದಕ್ಕೆ ಬೆಲೆ ಇದೆ.

ಕೊನೆಗೆ ಬ್ಲೌಸ್. ಪತ್ರದ ತುದಿಯಲ್ಲಿ ಅಳುಕುತ್ತಾ ಬರೆದಿದ್ದೀರಿ, ಅದಕ್ಕೆ ಅಳುಕು ಯಾಕೆ? ಒಂದು ಕಡೆ ಭಾರ ಇಲ್ಲದಿದ್ದರೆ ಭುಜ ಓರೆಯಾಗಿ ಕತ್ತು, ಬೆನ್ನು ನೋಯಬಹುದು. ಅದಕ್ಕಾದರೂ ಆ ಕಡೆಗೆ ಒಂದು ಕೃತಕ ಎದೆ ತೊಡಬೇಕು. ಸಿಲಿಕಾನ್‌ನದು ತೂಕ ಸರಿಯಾಗಿ ಕೂರುತ್ತದೆ, ಆದರೆ ಬೆಲೆ ಜಾಸ್ತಿ, ಬೇಸಿಗೆಯಲ್ಲಿ ಬೆವರು. ಹತ್ತಿ ನೂಲಿನಲ್ಲಿ ಹೆಣೆದು ಒಳಗೆ ಮೆತ್ತೆ ತುಂಬಿದ್ದು ಹಗುರ, ತೊಳೆಯಬಹುದು. ಕೆಲವು ಮಹಿಳಾ ಗುಂಪುಗಳು ಹೆಣೆದು ಆಸ್ಪತ್ರೆಗಳಿಗೆ ಸುಮ್ನೆ ಕೊಡುತ್ತವೆ, ನಿಮ್ಮ ಆಸ್ಪತ್ರೆಯ ನರ್ಸಮ್ಮನನ್ನು ಕೇಳಿ ನೋಡಿ. ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಬಟ್ಟೆ ಚೀಲಕ್ಕೆ ರಾಗಿ ತುಂಬಿ ಬಲಗಡೆಯ ತೂಕಕ್ಕೆ ಸರಿಯಾಗಿ ತಾವೇ ಹೊಲಿದುಕೊಂಡಿದ್ದರು. ಮಳೆಗಾಲದಲ್ಲಿ ಮಾತ್ರ ರಾಗಿ ಬದಲಿಸಬೇಕು ಎಂದು ನಗುತ್ತಿದ್ದರು. ಹೊಸದಾಗಿ ಎದೆ ಕಟ್ಟಿಸುವ ಆಪರೇಷನ್ ಬೇಕೆನಿಸಿದರೆ ಅದಕ್ಕೂ ತಡವಾಗಿಲ್ಲ, ವರ್ಷಗಳ ನಂತರವೂ ಮಾಡುತ್ತಾರೆ. ಕರೆಂಟು ಬಿದ್ದ ಚರ್ಮ ಬೇಗ ಮಾಯುವುದಿಲ್ಲ ಎಂಬುದನ್ನು ಲೆಕ್ಕಕ್ಕಿಟ್ಟುಕೊಂಡು ಯೋಚಿಸಿ.

ಮದುವೆಗೆ ಇನ್ನೂ ಒಂದು ತಿಂಗಳಿದೆ. ಯಾವುದನ್ನು ತೊಡುತ್ತೀರೋ ಅದನ್ನು ತೊಟ್ಟೇ ಟೈಲರ್ ಹತ್ತಿರ ಹೋಗಿ ಅಳತೆ ಕೊಡಿ. ಎಡಗಡೆ ಒಳಬದಿಗೆ ಹತ್ತಿ ಬಟ್ಟೆಯ ಜೇಬು ಇಡಲು ಹೇಳಿ, ಕುತ್ತಿಗೆ ಒಂದು ಬೆರಳು ಮೇಲಿರಲಿ, ಎಡ ತೋಳಿನ ಅಂಚು ಕೈಗೆ ಗುರುತು ಬೀಳದಷ್ಟು ಸಡಿಲವಿರಲಿ. ಬಳೆಗಾರರ ಹತ್ತಿರ ಎಡಗೈಗೆ ಒಂದು ಸೈಜ್ ದೊಡ್ಡದು ಕೇಳಿ. ಒತ್ತಿ ತೊಡಿಸಲು ಬಿಡಬೇಡಿ, ಗಾಜು ಒಡೆದು ಗೀರಿದರೆ ಕಷ್ಟ.